ಪ್ರಶ್ನೆಚಿಹ್ನೆಗಳಾದ ಲೇಖನಗಳು

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವೆಬ್‌ಸೈಟ್ ಹೊಸ ಸರ್ವರ್‌ಗೆ ಬಂದ ಮೇಲೆ ಹಿರಿಯರ ಲೇಖನಗಳೆಲ್ಲ ಬರೀ ಪ್ರಶ್ನೆಚಿಹ್ನೆ. ಫಾಂಟ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಆದರೆ ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕ ಕಾಣುತ್ತದೆ, ಅಲ್ವಾ? ಇದು ಎನ್‌ಕೋಡಿಂಗ್ ತೊಂದರೆ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಉಳಿಸುವ ರೀತಿಯಲ್ಲಾದ ಗೊಂದಲ. ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಲ್ಯಾಟಿನ್1 ಟೇಬಲ್‌ನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ; ಅದಕ್ಕೆ ಬದಲಿಸಲು ಹೋದರೆ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆ ಬಂದು ಕೂರುತ್ತದೆ. ಹಾಗಾಗಿ ಮೊದಲು ಡೇಟಾಬೇಸ್ ಒಳಗೆ ನೋಡಬೇಕು: ಅಲ್ಲಿ ಅಕ್ಷರ ಸರಿಯಿದ್ದರೆ ವೆಬ್‌ಸೈಟ್ ಮತ್ತು ಡೇಟಾಬೇಸ್ ನಡುವಿನ ಸಂಪರ್ಕದ ಸೆಟ್ಟಿಂಗ್ ಬದಲಿಸಿದರೆ ಸಾಕು, ಅಲ್ಲೂ ಪ್ರಶ್ನೆಚಿಹ್ನೆಯೇ ಕೂತಿದ್ದರೆ ಮೂಲ ಹೋಯ್ತು, ಹಳೆಯ ಬ್ಯಾಕಪ್ ಒಂದೇ ದಾರಿ. ಬರೆದವರಲ್ಲಿ ಕೆಲವರು ಈಗ ಇಲ್ಲ, ಮತ್ತೆ ಬರೆಸಲು ಆಗುವುದಿಲ್ಲ ಅನ್ನೋದೇ ಮನಸ್ಸನ್ನು ಕೊರೆಯುತ್ತಿದೆ. ಹಳೆಯ ಹೋಸ್ಟಿಂಗ್ ಇನ್ನೂ ಮುಚ್ಚಿಲ್ಲ. ಇವತ್ತೇ ಅಲ್ಲಿಂದ ಡೇಟಾಬೇಸ್ ಇಳಿಸಿಕೊಂಡು, ಯುಟಿಎಫ್8ಎಂಬಿ4ರಲ್ಲಿ (ಡೇಟಾಬೇಸ್‌ನಲ್ಲಿ ಪೂರ್ಣ ಯುಟಿಎಫ್-8ಕ್ಕೆ ಇರುವ ಹೆಸರು) ಹೊಸದಾಗಿ ತುಂಬಿಸುತ್ತೇನೆ.