ವಿಶ್ವವಿದ್ಯಾಲಯದ ವೆಬ್‌ಸೈಟ್ ಹೊಸದಾಗುತ್ತಿದೆ: ಹದಿನಾಲ್ಕು ವಾರಗಳ ದಿನಚರಿ

ಮೊದಲ ವಾರ

ನಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟನ್ನು ಹೊಸದಾಗಿ ಕಟ್ಟುವ ಕೆಲಸ ನಮ್ಮ ಮೂವರ ಕೈಗೆ ಬಂದಿದೆ. ನಾನು ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡುವವನು. ಜೊತೆಗೆ ಗ್ರಂಥಾಲಯದ ಸಹೋದ್ಯೋಗಿಯೊಬ್ಬರು, ಡಿಸೈನ್ ಓದುತ್ತಿರುವ ಕೊನೆ ವರ್ಷದ ವಿದ್ಯಾರ್ಥಿನಿಯೊಬ್ಬಳು. ನಡೆದದ್ದನ್ನು ವಾರವಾರ ಬರೆದಿಡುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಏನೇನಿದೆ ಎಂದು ನೋಡಿದೆವು. ಲಿಂಕ್ ಹಿಡಿದು ಒಂದೊಂದೇ ಪುಟಕ್ಕೆ ಹೋಗಿ ಪಟ್ಟಿ ಮಾಡುವ ಕ್ರಾಲರ್ ಓಡಿಸಿದೆವು. ರಾತ್ರಿಯಿಡೀ ಓಡಿತು. ಬೆಳಗ್ಗೆ ನೋಡಿದರೆ ಪುಟಗಳಿಗಿಂತ ಪಿಡಿಎಫ್‌ಗಳೇ ಜಾಸ್ತಿ. ಒಂದೇ ಅರ್ಜಿ ನಮೂನೆ ನಾಲ್ಕು ಕಡೆ ಇತ್ತು, ನಾಲ್ಕೂ ಬೇರೆ ಬೇರೆ ವರ್ಷದ್ದು. ಅದರಲ್ಲಿ ಚಾಲ್ತಿಯಲ್ಲಿರುವುದು ಯಾವುದು ಎಂದು ತಿಳಿಯಲು ನಾವೇ ಆ ಕಚೇರಿಗೆ ಹೋಗಿ ಕೇಳಬೇಕಾಯಿತು.

ಮೆನುವಿನಲ್ಲಿ ಇದ್ದದ್ದು ಇಷ್ಟು: ಆಡಳಿತ, ಶೈಕ್ಷಣಿಕ, ಪರೀಕ್ಷಾಂಗ, ಹಣಕಾಸು, ಅಭಿವೃದ್ಧಿ. ಇದು ಕಚೇರಿಗಳ ಪಟ್ಟಿ. ಯಾವ ಕಡತ ಯಾರ ಮೇಜಿನ ಮೇಲೆ ಇರುತ್ತದೆ ಅನ್ನೋದು ಒಳಗಿನವರಿಗೆ ಗೊತ್ತು. ಈಗಷ್ಟೇ ಸೇರಿದ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಬೇಕಾಗಿರುವುದು ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಅನ್ನುವ ಒಂದೇ ಒಂದು ಸಾಲು.

ಎರಡನೇ ವಾರ

ಸಮುದಾಯದ ಅಭಿಪ್ರಾಯ ಕೇಳಬೇಕು ಎಂದು ಎಲ್ಲರೂ ಹೇಳಿದರು. ನಾವು ಒಂದು ಆನ್‌ಲೈನ್ ಫಾರ್ಮ್ ಹಾಕಿದೆವು. "ಹೊಸ ವೆಬ್‌ಸೈಟ್ ಹೇಗಿರಬೇಕು?" ಎಂಬುದು ಪ್ರಶ್ನೆ. ಬಂದ ಉತ್ತರಗಳಲ್ಲಿ ಹೆಚ್ಚಿನವು "ಆಕರ್ಷಕವಾಗಿರಬೇಕು", "ಆಧುನಿಕವಾಗಿರಬೇಕು" ಎಂದಷ್ಟೇ ಹೇಳಿದವು. ತಪ್ಪು ಉತ್ತರ ಕೊಟ್ಟವರದ್ದಲ್ಲ, ಪ್ರಶ್ನೆ ಕೇಳಿದ ನಮ್ಮದು. ಹೇಗಿರಬೇಕು ಎಂದು ಕೇಳಿದರೆ ಜನ ಬಣ್ಣದ ಬಗ್ಗೆ ಯೋಚಿಸುತ್ತಾರೆ. ಕಳೆದ ಸಲ ಯಾಕೆ ಬಂದಿರಿ, ಸಿಕ್ಕಿತಾ, ಸಿಗದಿದ್ದರೆ ಆಮೇಲೆ ಏನು ಮಾಡಿದಿರಿ ಎಂದು ಕೇಳಬೇಕಿತ್ತು.

ಆ ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲೇ ಇತ್ತು. ವೆಬ್‌ಸೈಟಿನಲ್ಲಿ ಸಿಗದವರು ವಿಚಾರಣೆ ಕೌಂಟರ್‌ಗೆ ಫೋನ್ ಮಾಡುತ್ತಾರೆ. ಅಲ್ಲಿ ಕೂರುವ ಮೇಡಂ ಉದ್ದನೆಯ ನೋಟ್‌ಬುಕ್ ಒಂದನ್ನು ಇಟ್ಟುಕೊಂಡಿದ್ದಾರೆ. ಬಂದ ಪ್ರತಿ ಕರೆಗೂ ಒಂದು ಸಾಲು. ಎಡಗಡೆ ದಿನಾಂಕ, ನಡುವೆ ಪ್ರಶ್ನೆ, ಬಲಗಡೆ ಯಾವ ಕಚೇರಿಗೆ ಕಳಿಸಿದ್ದು ಎಂಬುದು. ಮತ್ತೆ ಮತ್ತೆ ಬರುವ ಪ್ರಶ್ನೆಯ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕಿ.

"ಇದರಲ್ಲಿ ಅರ್ಧ ಪ್ರಶ್ನೆಗೆ ಉತ್ತರ ವೆಬ್‌ಸೈಟಲ್ಲೇ ಇದೆ ಅಲ್ವಾ ಸರ್? ಇದ್ರೂ ಫೋನ್ ಮಾಡ್ತಾರೆ. ಪಾಪ, ಸಿಗಲ್ಲ ಅವರಿಗೆ," ಎಂದರು.

ಎರಡು ಮಧ್ಯಾಹ್ನ ಅವರ ಪಕ್ಕ ಕೂತು ಬರೆದುಕೊಂಡೆವು. ಹೆಸರು, ಫೋನ್ ನಂಬರ್ ಬಿಟ್ಟು ಪ್ರಶ್ನೆಗಳನ್ನಷ್ಟೇ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ, ಯಾರನ್ನ ನೋಡಬೇಕು? ಹಾಸ್ಟೆಲ್ ಅರ್ಜಿ ಎಲ್ಲಿ ಸಿಗುತ್ತೆ? ಮರುಮೌಲ್ಯಮಾಪನದ ಫಲಿತಾಂಶ ಬಂತಾ? ನಾನು ಹಳೇ ವಿದ್ಯಾರ್ಥಿ, ಟ್ರಾನ್ಸ್‌ಕ್ರಿಪ್ಟ್ ಬೇಕು, ಊರಿಗೆ ಬರದೇ ತಗೊಳ್ಳಬಹುದಾ? ಕೆಂಪು ಚುಕ್ಕಿ ಇದ್ದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಮ್ಮ ಕೋಣೆಯ ಗೋಡೆಗೆ ಅಂಟಿಸಿದೆವು. ಅವತ್ತಿನಿಂದ ಏನೇ ವಾದ ಬಂದರೂ ಆ ಹಾಳೆಯ ಮುಂದೆ ನಿಂತೇ ಮಾತಾಡುವುದು.

ನಾಲ್ಕನೇ ವಾರ

ಕಾರ್ಡ್ ಸಾರ್ಟಿಂಗ್ ಮಾಡಿದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವೆಬ್‌ಸೈಟಿನಲ್ಲಿ ಇರಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಕಾರ್ಡಿನಲ್ಲಿ ಬರೆಯಬೇಕು. ಕಾರ್ಡುಗಳನ್ನು ಜನರ ಮುಂದೆ ಹರಡಿ, ನಿಮಗೆ ಒಟ್ಟಿಗೆ ಇರಬೇಕು ಅನಿಸಿದ್ದನ್ನು ಒಟ್ಟಿಗೆ ಇಡಿ ಎನ್ನಬೇಕು. ಆಮೇಲೆ ಪ್ರತಿ ಗುಂಪಿಗೂ ಅವರೇ ಹೆಸರು ಕೊಡಬೇಕು. ನಾವು ಬಾಯಿ ಮುಚ್ಚಿಕೊಂಡು ನೋಡುತ್ತಿರಬೇಕು.

ಅರವತ್ತು ಕಾರ್ಡ್ ಮಾಡಿದೆವು. ಮೊದಲ ವರ್ಷದವರು ಬಂದರು, ಇಬ್ಬರು ಪೋಷಕರು ಬಂದರು, ಹಾಸ್ಟೆಲ್ ವಾರ್ಡನ್ ಬಂದರು, ನಿವೃತ್ತ ಮೇಷ್ಟ್ರೊಬ್ಬರು ಬಂದರು. ವಿದ್ಯಾರ್ಥಿಗಳು ಪರೀಕ್ಷೆ ಶುಲ್ಕ, ಹಾಸ್ಟೆಲ್ ಶುಲ್ಕ, ಗ್ರಂಥಾಲಯದ ದಂಡ, ವಿದ್ಯಾರ್ಥಿವೇತನ ನಾಲ್ಕನ್ನೂ ಒಂದೇ ಗುಂಪಿಗೆ ಹಾಕಿದರು. ಒಬ್ಬ ಹುಡುಗ ಆ ಗುಂಪಿನ ಮೇಲೆ "ದುಡ್ಡು" ಎಂದು ಬರೆದ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಅದನ್ನು ನೋಡಿ, "ಇವು ನಾಲ್ಕೂ ಬೇರೆ ಬೇರೆ ಖಾತೆ, ಒಟ್ಟಿಗೆ ಹಾಕೋಕೆ ಬರಲ್ಲ" ಎಂದರು. ಖಾತೆಯ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆದರೆ ಕಟ್ಟುವವನ ಜೇಬು ಒಂದೇ. ಹಿಂದೆ ಖಾತೆ ಎಷ್ಟಾದರೂ ಇರಲಿ, ಮುಂದೆ ಒಂದೇ ಬಾಗಿಲು ಇರಲಿ ಎಂದು ಮಾತಾಡಿದಾಗ ಅವರೂ ಒಪ್ಪಿದರು. ಆಮೇಲೆ ಅವರೇ ಕೂತು ಯಾವ ಶುಲ್ಕಕ್ಕೆ ಯಾವ ಚಲನ್ ಎಂಬ ಪಟ್ಟಿ ಬರೆದುಕೊಟ್ಟರು. ಅಷ್ಟು ಸ್ಪಷ್ಟವಾದ ಪಟ್ಟಿ ನಮ್ಮ ಹಳೆಯ ಸೈಟಿನಲ್ಲಿ ಎಲ್ಲೂ ಇರಲಿಲ್ಲ.

ಐದನೇ ವಾರ

ಕಾರ್ಡುಗಳಿಂದ ಬಂದ ಮೆನುವನ್ನು ಟ್ರೀ ಟೆಸ್ಟಿಂಗ್‌ಗೆ ಹಾಕಿದೆವು. ಇದರಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ಬರೀ ಮೆನುವಿನ ಪದಗಳು. ಒಂದು ಕೆಲಸ ಹೇಳಿ, ಎಲ್ಲಿ ಒತ್ತುತ್ತೀರಿ ಎಂದು ನೋಡುವುದು. "ಪರೀಕ್ಷಾಂಗ" ಎಂದಿದ್ದಾಗ ಹೊಸ ವಿದ್ಯಾರ್ಥಿಗಳು ತಡವರಿಸಿದರು. "ಪರೀಕ್ಷೆ ಮತ್ತು ಫಲಿತಾಂಶ" ಎಂದು ಬದಲಿಸಿದ ಮೇಲೆ ಸೀದಾ ಹೋದರು. ಪದ ಬದಲಿಸಲು ನಮಗೆ ಬೇಕಾಗಿದ್ದು ಒಂದು ನಿಮಿಷ.

ಏಳನೇ ವಾರ

ಮುಖಪುಟದ ಸಭೆ. ಇಡೀ ಯೋಜನೆಯಲ್ಲಿ ಅತಿ ಕಷ್ಟದ ದಿನ ಇದೇ.

ಪ್ರತಿ ವಿಭಾಗಕ್ಕೂ ಮುಖಪುಟದಲ್ಲಿ ಜಾಗ ಬೇಕು. ಹಳೆಯ ಪುಟದಲ್ಲಿ ಅದಕ್ಕೊಂದು ಉಪಾಯ ಇತ್ತು: ಒಂದಾದ ಮೇಲೊಂದು ಜಾರುವ ದೊಡ್ಡ ಫೋಟೋಗಳು. ಎಲ್ಲರಿಗೂ ಒಂದೊಂದು ಸರದಿ. ಅದನ್ನು ತೆಗೆಯೋಣ ಎಂದು ನಾವು ಹೇಳಿದಾಗ ಸಭೆ ಬಿಸಿಯಾಯಿತು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದವರೊಬ್ಬರು 2013ರಲ್ಲಿ ತಮ್ಮ ಸೈಟಿನ ಇಂಥದ್ದೇ ಜಾರುಫೋಟೋಗಳ ಲೆಕ್ಕ ಹೊರಗಿಟ್ಟಿದ್ದರು. ಪುಟಕ್ಕೆ ಬಂದವರಲ್ಲಿ ಅದನ್ನು ಒತ್ತಿದವರು ನೂರಕ್ಕೆ ಸುಮಾರು ಒಬ್ಬರು. ಆ ಒತ್ತುಗಳಲ್ಲೂ ಹೆಚ್ಚಿನವು ಮೊದಲ ಫೋಟೋದ ಮೇಲೇ. ಅಂದರೆ ಮೂರನೇ ಸರದಿ, ನಾಲ್ಕನೇ ಸರದಿ ಸಿಕ್ಕ ವಿಭಾಗಕ್ಕೆ ನಿಜವಾಗಿ ಸಿಕ್ಕಿದ್ದು ಏನೂ ಇಲ್ಲ.

ಒಬ್ಬ ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು: "ನಮ್ಮದು ಸಣ್ಣ ವಿಭಾಗ. ಮುಖಪುಟದಲ್ಲೂ ಇಲ್ಲ ಅಂದ್ರೆ ನಾವು ಇದ್ದೀವಿ ಅಂತ ಯಾರಿಗೆ ಗೊತ್ತಾಗುತ್ತೆ?" ಈ ಮಾತು ನನ್ನನ್ನು ತುಂಬ ದಿನ ಕಾಡಿತು. ಅದು ಜಾಗಕ್ಕಾಗಿ ಹಟ ಅಲ್ಲ, ಮರೆತುಹೋಗುವ ಭಯ. ಗೋಡೆಯ ಮೇಲಿನ ಹಾಳೆಯಲ್ಲಿ "ಈ ಕೋರ್ಸ್ ಓದಿದರೆ ಮುಂದೆ ಏನು?" ಎಂಬ ಪ್ರಶ್ನೆಗೂ ಕೆಂಪು ಚುಕ್ಕಿ ಇತ್ತು. ಹಾಗಾಗಿ ಪ್ರತಿ ಕೋರ್ಸಿನ ಪುಟದಲ್ಲೇ ಆ ವಿಭಾಗದ ಮೇಷ್ಟ್ರುಗಳು, ನಡೆಯುತ್ತಿರುವ ಸಂಶೋಧನೆ, ಓದಿ ಹೊರಗೆ ಹೋದವರ ಮಾತು ಬರುವಂತೆ ಮಾಡಿದೆವು. ಕೋರ್ಸ್ ಹುಡುಕಿಕೊಂಡು ಬಂದವರಿಗೆ ವಿಭಾಗ ತಾನಾಗಿ ಸಿಗುತ್ತದೆ. ಆ ಪ್ರಾಧ್ಯಾಪಕರದ್ದೇ ಮೊದಲ ಮಾದರಿ ಪುಟ. ಬರಹವನ್ನು ಅವರೇ ಮೂರು ಸಲ ತಿದ್ದಿದರು.

ಒಂಬತ್ತನೇ ವಾರ

ಈ ವಾರದ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು.

ಸ್ನಾತಕೋತ್ತರ ಓದುತ್ತಿರುವ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬರು ನಮ್ಮ ಕೋಣೆಗೆ ಬಂದರು. ತಮ್ಮ ಲ್ಯಾಪ್‌ಟಾಪ್ ತೆರೆದು, ನಮಗೂ ಕೇಳಲಿ ಎಂದು ಇಯರ್‌ಫೋನ್ ತೆಗೆದರು. ಅವರು ಬಳಸುವುದು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಅದರ ಧ್ವನಿ ಎಷ್ಟು ವೇಗವಾಗಿ ಓದಿತೆಂದರೆ ನಮ್ಮ ಮೂವರಿಗೂ ಒಂದು ಪದ ಹಿಡಿಯಲಾಗಲಿಲ್ಲ. ಅವರು ವೇಗ ಕಮ್ಮಿ ಮಾಡಿದರು.

ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರಬೇಕು. ಅವರು ಒತ್ತಿದರು. ಮುಂದಿನ ಶೀರ್ಷಿಕೆ ಇಲ್ಲ ಎಂದು ಧ್ವನಿ ಹೇಳಿತು. ನಮ್ಮ ಹಳೆಯ ಪುಟದಲ್ಲಿ ಶೀರ್ಷಿಕೆಯಂತೆ ಕಾಣುವುದೆಲ್ಲ ಬರೀ ದಪ್ಪ ಅಕ್ಷರ. ಕಣ್ಣಿಗೆ ಶೀರ್ಷಿಕೆ, ಕೋಡಿನಲ್ಲಿ ಅಲ್ಲ. ಆಮೇಲೆ ಇನ್ಸರ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿದರು. ಪುಟದಲ್ಲಿರುವ ಲಿಂಕುಗಳ ಪಟ್ಟಿ ಬಂತು. ಬಾಣದ ಕೀಲಿ ಒತ್ತುತ್ತಾ ಕೆಳಗಿಳಿದರು. "ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ." ಎಲ್ಲಿಗೆ ಹೋಗುತ್ತದೆ ಎಂದು ಒಂದೂ ಹೇಳಲಿಲ್ಲ.

ಕೊನೆಗೆ ಫಲಿತಾಂಶದ ಪಿಡಿಎಫ್ ತೆರೆದರು. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಏರಿಸಿದ ಹಾಳೆ ಅದು. ಒಳಗೆ ಅಕ್ಷರ ಇಲ್ಲ, ಅಕ್ಷರದ ಫೋಟೋ ಇದೆ. ಧ್ವನಿಗೆ ಓದಲು ಏನೂ ಸಿಗಲಿಲ್ಲ.

"ಪ್ರತಿ ಸೆಮಿಸ್ಟರ್ ಇದೇ ಸರ್," ಎಂದರು. "ಗೆಳೆಯನ ಹತ್ತಿರ ಓದಿಸ್ತೀನಿ. ನನ್ನ ಅಂಕ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತೆ."

ಅವರು ಹೋದ ಮೇಲೆ ಸ್ವಲ್ಪ ಹೊತ್ತು ನಾವು ಯಾರೂ ಮಾತಾಡಲಿಲ್ಲ. ಅವತ್ತು ಸಂಜೆಯೇ ತೀರ್ಮಾನ ಮಾಡಿದೆವು: ಹೊಸ ಸೈಟಿನಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟುವುದು ಫಲಿತಾಂಶದ ಪುಟ.

ಅಳತೆಗೆ ನಾವು ಹಿಡಿದದ್ದು ಡಬ್ಲ್ಯುಸಿಎಜಿ 2.2, ಅಂದರೆ ವೆಬ್ ಎಲ್ಲರಿಗೂ ಎಟುಕುವಂತಿರಲು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ತಂದ ಮಾರ್ಗಸೂಚಿ. ಅದರ ಮೂರು ಹಂತಗಳಲ್ಲಿ ನಡುವಿನದಾದ ಎಎ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ನಮ್ಮ ತಿಳಿ ಬೂದು ಅಕ್ಷರಗಳು ಅಲ್ಲೇ ಫೇಲಾದವು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು, ಇಲ್ಲವೇ ಸುತ್ತ ಅಷ್ಟು ಖಾಲಿ ಜಾಗ ಬಿಡಬೇಕು. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಚಲಿಸುವುದಕ್ಕೆ ನಿಲ್ಲಿಸುವ ದಾರಿ ಇರಬೇಕು. ಈ ಕೊನೆಯದು 2008ರ 2.0 ಆವೃತ್ತಿಯಿಂದಲೇ ಇದೆ. ಮುಖಪುಟದಲ್ಲಿ ಓಡುವ ಸುದ್ದಿಪಟ್ಟಿ ಬೇಕೇ ಬೇಕು ಎನ್ನುತ್ತಿದ್ದವರಿಗೆ ಈ ಸಾಲನ್ನು ಓದಿ ಹೇಳಿದೆವು. ನಿಂತ ಪಟ್ಟಿಗೆ ಒಪ್ಪಿದರು.

ಹತ್ತನೇ ವಾರ

ಮಾದರಿ ಸೈಟನ್ನು ಜನರ ಕೈಗೆ ಕೊಟ್ಟೆವು. ಒಂದು ಸುತ್ತಿಗೆ ಐದು ಜನ. ಐದು ಜನರಲ್ಲೇ ಬಹುತೇಕ ತೊಂದರೆಗಳು ಹೊರಗೆ ಬರುತ್ತವೆ ಎಂದು ವೆಬ್‌ಸೈಟುಗಳು ಬಳಸಲು ಎಷ್ಟು ಸುಲಭ ಎಂಬುದರ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ದೊಡ್ಡದಾಗಿ ಒಂದೇ ಸಲ ಮಾಡುವ ಬದಲು ಸಣ್ಣದಾಗಿ ಮತ್ತೆ ಮತ್ತೆ ಮಾಡುವುದು ನಮಗೂ ಒಗ್ಗಿತು. ಮೊದಲ ಸುತ್ತಿನಲ್ಲಿ ತೊಂದರೆ ಕಂಡರೆ ರಾತ್ರಿ ತಿದ್ದಿ, ಮರುದಿನ ಇನ್ನೈದು ಜನರಿಗೆ ತೋರಿಸಬಹುದು.

ನೋಡುತ್ತಾ ಕೂರುವುದು ಸುಲಭ ಅಲ್ಲ. ಒಬ್ಬ ವಿದ್ಯಾರ್ಥಿನಿಯ ತಾಯಿ ತಮ್ಮ ಹಳೆಯ ಫೋನಿನಲ್ಲಿ ಶುಲ್ಕದ ಕೊನೆಯ ದಿನ ಹುಡುಕುತ್ತಿದ್ದರು. ಸರಿಯಾದ ಪುಟಕ್ಕೇ ಬಂದರು. ದಿನಾಂಕವನ್ನು ನಾವು ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿಯೊಳಗೆ ಇಟ್ಟಿದ್ದೆವು. ಅವರ ಹೆಬ್ಬೆರಳು ಅದರ ಮೇಲೇ ಎರಡು ಸಲ ಹಾದುಹೋಯಿತು, ಒತ್ತಲಿಲ್ಲ. "ಇಲ್ಲೇ ಒತ್ತಿ ಅಮ್ಮಾ" ಎಂದು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಅವರು ಫೋನ್ ಕೆಳಗಿಟ್ಟು, "ನನಗೆ ಇದೆಲ್ಲ ಬರಲ್ಲಪ್ಪ" ಎಂದರು. ತಪ್ಪು ನಿಮ್ಮದಲ್ಲ, ನಾವು ಬಚ್ಚಿಟ್ಟಿದ್ದೆವು ಎಂದು ಹೇಳಿ, ಅದೇ ರಾತ್ರಿ ದಿನಾಂಕವನ್ನು ಪುಟದ ನೆತ್ತಿಗೆ ತಂದೆವು.

ಹನ್ನೆರಡನೇ ವಾರ

ಹಳೆಯ ವಿಳಾಸಗಳ ಕೆಲಸ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಹಳೆಯ ಯಾವ ಲಿಂಕ್ ಒತ್ತಿದರೂ ಹೊಸ ಮುಖಪುಟಕ್ಕೆ ಹೋಗಲಿ ಎಂದು ಒಂದೇ ಸಾಲಿನ ನಿಯಮ ಬರೆದಿದ್ದೆ. ಗ್ರಂಥಾಲಯದ ಸಹೋದ್ಯೋಗಿ ತಡೆದರು. ಸಂಶೋಧನಾ ವಿದ್ಯಾರ್ಥಿಯೊಬ್ಬರ ಪ್ರಬಂಧ ತೆರೆದು ಅಡಿಟಿಪ್ಪಣಿ ತೋರಿಸಿದರು. ಅಲ್ಲಿ ನಮ್ಮ ಸೈಟಿನ ಒಂದು ವರದಿಯ ವಿಳಾಸ ಇತ್ತು. "ಇದನ್ನು ಒತ್ತಿದವರು ಮುಖಪುಟಕ್ಕೆ ಹೋದ್ರೆ ವರದಿ ಕಳೆದುಹೋದ ಹಾಗೆ ಅಲ್ವಾ?"

ನಿಜ. ಸರ್ಚ್ ಎಂಜಿನ್‌ಗಳೂ ಇಂಥ ದಾರಿಯನ್ನು ಪುಟ ಇಲ್ಲದಿರುವುದಕ್ಕೆ ಸಮ ಎಂದೇ ನೋಡುತ್ತವೆ. ಒಳ್ಳೆಯ ವಿಳಾಸ ಬದಲಾಗಬಾರದು ಎಂದು ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಹೇಳಿದ್ದರು. ಬದಲಿಸಲೇಬೇಕಾದಾಗ ಹಳೆಯ ಪ್ರತಿ ವಿಳಾಸವನ್ನೂ ಅದರ ಹೊಸ ಜಾಗಕ್ಕೆ 301 ಮೂಲಕ, ಅಂದರೆ ಪುಟ ಶಾಶ್ವತವಾಗಿ ಜಾಗ ಬದಲಿಸಿದೆ ಎಂದು ಬ್ರೌಸರಿಗೆ ಹೇಳುವ ಸಂಕೇತದ ಮೂಲಕ, ತಿರುಗಿಸಬೇಕು. ಈಗ ಸ್ಪ್ರೆಡ್‌ಶೀಟ್ ಇಟ್ಟುಕೊಂಡು ಒಂದೊಂದಾಗಿ ಜೋಡಿಸುತ್ತಿದ್ದೇವೆ. ಪೂರ್ತಿ ತೆಗೆದುಹಾಕಿದವಕ್ಕೆ 410, ಅಂದರೆ ಪುಟ ಇನ್ನು ಇಲ್ಲ ಎನ್ನುವ ಸಂಕೇತ. ಬೇಸರದ ಕೆಲಸ, ಆದರೆ ಬಿಡುವಂಥದ್ದಲ್ಲ.

ಇದರ ಜೊತೆಗೇ ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರರನ್ನು ಗುರುತಿಸಿದೆವು. ಪುಟದ ಕೆಳಗೆ ಕೊನೆಯ ಸಲ ಯಾವಾಗ ನೋಡಿದ್ದು ಎಂದು ದಿನಾಂಕ ಬರುತ್ತದೆ.

ಹದಿನಾಲ್ಕನೇ ವಾರ

ಫಲಿತಾಂಶದ ಪುಟ ಮಾದರಿ ಅಂಕಗಳೊಂದಿಗೆ ಸಿದ್ಧವಾಯಿತು. ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಕೊಟ್ಟರೆ ಅವರವರ ಅಂಕ ಅವರವರಿಗೆ. ಫೋಟೋ ಅಲ್ಲ, ನಿಜವಾದ ಕೋಷ್ಟಕ. ಸಾಲು, ಕಾಲಂ ಎರಡಕ್ಕೂ ಕೋಡಿನಲ್ಲೇ ತಲೆಬರಹ ಇದೆ.

ಆ ವಿದ್ಯಾರ್ಥಿಯನ್ನು ಮತ್ತೆ ಕರೆದೆವು. ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರು. ಕೋಣೆ ನಿಶ್ಶಬ್ದ. ನಮಗೆ ಪರದೆಯ ಮೇಲೆ ಅಂಕಗಳು ಕಾಣುತ್ತಿದ್ದವು. ಅವರಿಗೆ ಮಾತ್ರ ಏನೂ ಕೇಳಲಿಲ್ಲ. "ಬಂತಾ ಸರ್?" ಎಂದು ಕೇಳಿದರು. ಉತ್ತರ ಪುಟದ ಕೆಳಗೆ ಬಂದಿತ್ತು, ಬಂದಿದೆ ಎಂದು ಸ್ಕ್ರೀನ್ ರೀಡರ್‌ಗೆ ನಾವು ಹೇಳಿಯೇ ಇರಲಿಲ್ಲ. ಅಲ್ಲೇ ಕೂತು ತಿದ್ದಿದೆವು. ಅಂಕ ಬಂದ ಕೂಡಲೇ ಫೋಕಸ್, ಅಂದರೆ ಸ್ಕ್ರೀನ್ ರೀಡರ್ ಓದಲು ನಿಲ್ಲುವ ಜಾಗ, ಫಲಿತಾಂಶದ ಶೀರ್ಷಿಕೆಗೆ ಹೋಗುವಂತೆ ಮಾಡಿದೆವು.

ಮತ್ತೆ ಎಂಟರ್ ಒತ್ತಿದರು. ಧ್ವನಿ ವಿಷಯದ ಹೆಸರು ಹೇಳಿತು, ಅಂಕ ಹೇಳಿತು, ಮುಂದಿನ ಸಾಲಿಗೆ ಹೋಯಿತು. ಅವರು ಇಯರ್‌ಫೋನ್ ಚುಚ್ಚಿಕೊಂಡು, ವೇಗವನ್ನು ತಮ್ಮ ಅಭ್ಯಾಸದಷ್ಟಕ್ಕೆ ಏರಿಸಿ, ಮೊದಲಿನಿಂದ ಇನ್ನೊಮ್ಮೆ ಕೇಳಿದರು.

ಇನ್ನು ಉಳಿದಿರುವುದು ಟ್ರಾನ್ಸ್‌ಕ್ರಿಪ್ಟ್ ಅರ್ಜಿ, ಹಾಸ್ಟೆಲ್ ಪುಟ, ಸ್ಪ್ರೆಡ್‌ಶೀಟಿನ ಅರ್ಧ ಭಾಗ. ಕೌಂಟರ್ ಮೇಡಂ ಸೋಮವಾರ ಹೊಸ ನೋಟ್‌ಬುಕ್ ಶುರು ಮಾಡುತ್ತಿದ್ದಾರೆ. ಈ ಸಲ ಒಂದು ಕಾಲಂ ಜಾಸ್ತಿ ಇರಲಿ ಎಂದು ಕೇಳಿಕೊಂಡಿದ್ದೇವೆ: ಫೋನ್ ಮಾಡುವ ಮೊದಲು ವೆಬ್‌ಸೈಟ್ ನೋಡಿದ್ದರಾ, ನೋಡಿದ್ದರೆ ಯಾವ ಪುಟ. ಸ್ಕೇಲ್ ಇಟ್ಟು ಗೆರೆ ಎಳೆದು ತೋರಿಸಿದ್ದಾರೆ.