ಹೊಳೆಯಾಚೆಯ ನಮ್ಮಜ್ಜಿ

ನಮ್ಮಜ್ಜಿಗೆ ತಾನು ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಯಾರೋ ಜನವರಿ 1 ಎಂದು ಬರೆಸಿದ್ದರು. ಅದನ್ನು ಅವಳು ಒಪ್ಪಿಕೊಂಡವಳೂ ಅಲ್ಲ, ತಿದ್ದಿಸಲು ಹೋದವಳೂ ಅಲ್ಲ. ಕೇಳಿದರೆ, "ಮಡೇನೂರು ಕಟ್ಟೆ ಮುಗಿಯುವ ಹೊತ್ತಿಗೆ ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು" ಎನ್ನುತ್ತಿದ್ದಳು. ಆ ಕಟ್ಟೆ, ಅಂದರೆ ಶರಾವತಿಗೆ ಅಡ್ಡಲಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಪೂರ್ಣಗೊಂಡದ್ದು 1948ರಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾದೆ ಎಂಬ ಅವಳ ಮಾತನ್ನು ಇದಕ್ಕೆ ಸೇರಿಸಿ ಲೆಕ್ಕ ಹಾಕಿದರೆ, ಕಳೆದ ಕಾರ್ತಿಕ ಮಾಸದಲ್ಲಿ ತೀರಿಕೊಂಡಾಗ ಅವಳಿಗೆ ತೊಂಬತ್ತಮೂರೋ ತೊಂಬತ್ತನಾಲ್ಕೋ ಆಗಿತ್ತು. ತನ್ನ ಬದುಕಿನ ಎಲ್ಲ ಘಟನೆಗಳನ್ನೂ ಅವಳು ಹೀಗೆ ನೀರಿನ ಲೆಕ್ಕದಲ್ಲಿಯೇ ಹೇಳುತ್ತಿದ್ದಳು.

ಅಜ್ಜ ಗೇಣಿ ರೈತ. ಮದುವೆಯಾಗಿ ಬಂದ ಹೊಸತರಲ್ಲಿ, ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದರೂ ಮನೆಯ ಪಣತಕ್ಕೆ, ಅಂದರೆ ಕಣಜಕ್ಕೆ, ಬರುವುದು ಸ್ವಲ್ಪವೇ ಎಂಬುದು ಅವಳಿಗೆ ಬೇಗನೆ ಅರ್ಥವಾಯಿತಂತೆ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ ಹುಟ್ಟಿದ ಕಾಗೋಡು ಸತ್ಯಾಗ್ರಹ 1951ರಲ್ಲಿ ಇದೇ ಸಾಗರ ತಾಲ್ಲೂಕಿನಲ್ಲಿ ನಡೆಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಜ್ಜಿ ಅದರ ರಾಜಕೀಯವನ್ನು ಎಂದೂ ಹೇಳಲಿಲ್ಲ. ಆದರೆ ನಮ್ಮ ಮನೆಯಲ್ಲಿ ಕೂಲಿಯವರಿಗೆ ಭತ್ತ ಅಳೆದುಕೊಡುವಾಗ ಸಿದ್ಧೆಯ ಮೇಲೆ ಗೋಪುರದಂತೆ ಕಾಳು ನಿಲ್ಲುವವರೆಗೂ ಅವಳು ಕೈ ತೆಗೆಯುತ್ತಿರಲಿಲ್ಲ.

1964ರಲ್ಲಿ, ವಿದ್ಯುತ್ತಿಗಾಗಿ ಅದೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ನಮ್ಮ ಗದ್ದೆ, ಮನೆ, ಹಿತ್ತಲಿನ ಹಲಸಿನ ಮರ ಎಲ್ಲವೂ ಆ ಮಟ್ಟಕ್ಕಿಂತ ಕೆಳಗಿದ್ದವು. ಎಷ್ಟೋ ಕುಟುಂಬಗಳು ಲಾರಿಗಳಲ್ಲಿ ದೂರದ ಕಾಡುಗಳಿಗೆ ಹೋಗಿ ನೆಲೆಸಿದವು; ನೆಂಟರನ್ನು ಬಿಟ್ಟು ಹೋಗಲೊಪ್ಪದ ಅಜ್ಜ, ತುಮರಿ ಕಡೆಯ ಗುಡ್ಡದ ಮೇಲೆ ಸೋಗೆಯ ಗುಡಿಸಲು ಕಟ್ಟಿದ. ಮೂರು ಮಕ್ಕಳನ್ನು ಕಟ್ಟಿಕೊಂಡು ಮೇಲಕ್ಕೆ ಹತ್ತಿದ ಅಜ್ಜಿ, ಮುಂದಿನ ಮಳೆಗಾಲದಲ್ಲಿ ನೋಡುವಾಗ ಸುತ್ತಲೂ ನೀರಿತ್ತು. ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವರ ಗುಡಿಸಲಿನಲ್ಲಿ ಎರಡು ದಶಕಕ್ಕೂ ಮೀರಿ ಚಿಮಣಿ ದೀಪವೇ ಉರಿಯಿತು. ಮುಳುಗಡೆಯವರ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಅಜ್ಜ ಕಚೇರಿಯಿಂದ ಕಚೇರಿಗೆ ಅಲೆದು ಸವೆಸಿದ ಕಾಗದಗಳ ಕಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿದ ಹಾಗೆಯೇ ಟ್ರಂಕಿನ ತಳದಲ್ಲಿದೆ. ಈ ಸಾಲನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಆ ನೀರಿನಿಂದ ಅವಳಿಗಾದ ದೊಡ್ಡ ನಷ್ಟ ಗದ್ದೆಯಲ್ಲ. ಎಪ್ಪತ್ತರ ದಶಕದ ಒಂದು ಮಳೆಗಾಲದ ರಾತ್ರಿ ನನ್ನ ಎರಡನೆಯ ದೊಡ್ಡಪ್ಪನಿಗೆ ಹಾವು ಕಚ್ಚಿತು. ಕಂಬಳಿಯಲ್ಲಿ ಹೊತ್ತು ದಡಕ್ಕೆ ತಂದರೂ, ಕತ್ತಲಲ್ಲಿ ಗಾಳಿಮಳೆಗೆ ದಾಟಿಸುವವರಿರಲಿಲ್ಲ. ಬೆಳಗಾಗುವುದನ್ನು ಕಾಯುತ್ತಾ ಅಜ್ಜಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬೆಳಗಾಯಿತು, ಆದರೆ ಆಚೆ ಹೋಗುವ ಕೆಲಸ ಉಳಿದಿರಲಿಲ್ಲ. ಇದನ್ನು ಅವಳು ನನಗೆ ಇಡೀ ಜೀವಮಾನದಲ್ಲಿ ಒಮ್ಮೆ ಮಾತ್ರ ಹೇಳಿದ್ದಾಳೆ, ಅದೂ ಅಕ್ಕಿ ಆರಿಸುತ್ತಾ, ತಲೆ ಎತ್ತದೆ.

ಇಷ್ಟೆಲ್ಲ ಆದರೂ ನನ್ನ ನೆನಪಿನಲ್ಲಿರುವ ಅಜ್ಜಿ ದುಃಖದ ಹೆಂಗಸಲ್ಲ. ನನ್ನ ಕಣ್ಣಿಗೆ ಕಟ್ಟುವುದು ಭೂಮಿ ಹುಣ್ಣಿಮೆಯ ಹಿಂದಿನ ದಿನಗಳ ಅಜ್ಜಿ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಆಶ್ವೀಜದ ಹುಣ್ಣಿಮೆಯಂದು, ಹೊಡೆ ತುಂಬಿದ ಗದ್ದೆಗೆ ಬಸುರಿ ಹೆಂಗಸಿಗೆ ಮಾಡುವಂತೆ ಬಯಕೆ ಊಟ ಬಡಿಸುತ್ತೇವೆ. ಅದನ್ನು ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಚಿತ್ತಾರದಿಂದ ತುಂಬಿಸುವ ಕೆಲಸ ಅವಳದು. ಹಳೆಯ ಬುಟ್ಟಿಯನ್ನು ಸಗಣಿಯಿಂದ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿಯನ್ನು ಒರಳಿನಲ್ಲಿ ನುಣ್ಣಗೆ ಅರೆದು ಬಿಳಿ ಬಣ್ಣ ಮಾಡಿಕೊಳ್ಳುತ್ತಿದ್ದಳು. ಪುಂಡಿ ನಾರಿನ ತುದಿಯನ್ನು ಹಲ್ಲಿನಲ್ಲಿ ಜಗಿದು ಹದಗೊಳಿಸಿದ ಕುಂಚವನ್ನು ಹಿಡಿದು ಎಳೆ ಎಳೆಯತೊಡಗಿದರೆ, ಒಂದು ಎಳೆ ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಏಣಿ, ಭತ್ತದ ಸಸಿ, ತೇರು ಒಂದೊಂದಾಗಿ ಕೆಂಪಿನ ಮೇಲೆ ಬೆಳ್ಳಗೆ ಮೂಡುತ್ತಿದ್ದವು. ಪಕ್ಕದಲ್ಲಿ ಕುಳಿತ ನಾನು ಮಾತಾಡಿದರೆ ಎಡಗೈ ಎತ್ತಿ ಸುಮ್ಮನಿರೆಂದು ಸನ್ನೆ ಮಾಡುವಳು. ಎಳೆ ಮುಗಿದ ಮೇಲೆ, "ಹೂಂ, ಈಗ ಹೇಳು ಮಗಾ" ಎನ್ನುವಳು.

ಹುಣ್ಣಿಮೆಯ ನಸುಕಿನಲ್ಲಿ ಗಂಡಸರು ಸೊಪ್ಪುಗಳನ್ನೆಲ್ಲ ಬೆರಕೆ ಮಾಡಿ ಬೇಯಿಸಿದ ಹಚ್ಚಂಬಲಿಯನ್ನು "ಭೂಮಿತಾಯಿ ಉಂಡು ಹೋಗಲಿ" ಎಂದು ಕೂಗುತ್ತಾ ಗದ್ದೆಗೆ ಬೀರುತ್ತಾರೆ. ನಮ್ಮ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಎಲ್ಲರ ಊಟವಾದ ಮೇಲೆ ಅಜ್ಜಿ ಒಂದು ಹಿಡಿಯಷ್ಟು ಉಳಿಸಿಕೊಂಡು, ಒಬ್ಬಳೇ ಹಿನ್ನೀರಿನ ಅಂಚಿಗೆ ಹೋಗಿ ನೀರಿಗೆ ಹಾಕಿ ಬರುತ್ತಿದ್ದಳು. ಮೀನಿಗೆ ಹಾಕುತ್ತಾಳೆಂದೇ ನಾನು ತಿಳಿದಿದ್ದೆ. ಒಂದು ಬೇಸಿಗೆಯಲ್ಲಿ ನೀರು ಬಹಳ ಇಳಿದು ಕೆಳಗಿನ ನೆಲ ಕಾಣಿಸಿಕೊಂಡಾಗ ನನ್ನನ್ನು ಕರೆದುಕೊಂಡು ಹೋದಳು. ಬಿರುಕುಬಿಟ್ಟ ಕೆಸರಿನ ಮೇಲೆ ಮರದ ಬೊಡ್ಡೆಗಳ ನಡುವೆ ನೆಟ್ಟಗೆ ನಡೆದು, ಅರ್ಧ ಹೂತುಹೋಗಿದ್ದ ಒಂದು ಗದ್ದೆಯ ಅಂಚುಗಟ್ಟೆಯ ಮೇಲೆ ನಿಂತು, "ಇದು ನಮ್ಮ ಕೆಳಗಿನ ಮಕ್ಕಿ" ಎಂದಳು. ಹುಣ್ಣಿಮೆಯ ಆ ಹಿಡಿ ಅನ್ನ ಯಾರಿಗೆಂದು ಅಂದು ಗೊತ್ತಾಯಿತು.

2025ರ ಜುಲೈ 14ರಂದು ಹಿನ್ನೀರಿನ ಎರಡು ದಡಗಳಾದ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ. ಅಷ್ಟು ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಿದ್ದರೂ ಒಮ್ಮೆ ದಾಟಿಸಿ ಎಂದಳು. ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ದಿಂಬು ಕೊಟ್ಟು, ನಿಧಾನವಾಗಿ ಕರೆದೊಯ್ದೆ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಬಿಸಿಲಲ್ಲಿ, ಮಳೆಯಲ್ಲಿ, ಬಾಣಂತಿ ಮಗಳೊಂದಿಗೆ, ಅಜ್ಜನ ಶವದೊಂದಿಗೆ ಗಂಟೆಗಟ್ಟಲೆ ಕಾದು ನಿಂತವಳು ಅವಳು. ಆಚೆ ದಡ ಮುಟ್ಟಿದಾಗ, "ಬಂದೆವಾ?" ಎಂದು ಕೇಳಿದಳು. ಬಂದೆವು ಎಂದೆ. "ಇಷ್ಟೇನಾ?" ಎಂದಳು. ಆಮೇಲೆ ಮನೆಗೆ ಮರಳುವವರೆಗೂ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಕುಳಿತಿದ್ದಳು. ಅವಳು ಯಾವ ರಾತ್ರಿಯನ್ನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ.

ಅಕ್ಟೋಬರಿನ ಭೂಮಿ ಹುಣ್ಣಿಮೆಗೆ ಅವಳಿಗೆ ಕುಳಿತುಕೊಳ್ಳಲೂ ಕಷ್ಟವಾಗುತ್ತಿತ್ತು. ಆದರೂ ಗೋಡೆಗೆ ಒರಗಿಸಿ ಕೂರಿಸಿಕೊಂಡು, ಬುಟ್ಟಿಯ ಒಂದು ಮಗ್ಗುಲಿಗೆ ನಡುಗುವ ಕೈಯಿಂದಲೇ ಎಳೆ ಎಳೆದಳು. ಉಳಿದದ್ದನ್ನು ನನಗೆ ಕೊಟ್ಟಳು. ನನ್ನ ಏಣಿ ಸೊಟ್ಟಗಾದಾಗ ಒದ್ದೆ ಬಟ್ಟೆ ಕೇಳಿ, ತಾನೇ ಒರೆಸಿ, ಮತ್ತೆ ಬರೆಸಿದಳು. ನೀರಿಗೆ ಹಾಕುವ ಹಿಡಿಯನ್ನೂ ಆ ದಿನ ನಾನೇ ಒಯ್ದೆ.

ಬುಟ್ಟಿ ಈಗ ಅಟ್ಟದ ಮೇಲಿದೆ. ಈ ವರ್ಷ ಮತ್ತೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದರೆ ಅವಳು ಕೊನೆಯದಾಗಿ ಎಳೆದ ಎಳೆಗಳು ಅಡಿಗೆ ಹೋಗುತ್ತವೆ. ಹೊಸ ಬುಟ್ಟಿ ಹೆಣೆಸೋಣ ಎಂದು ಅಮ್ಮ ಹೇಳುತ್ತಿದ್ದಾಳೆ. ಅಜ್ಜಿ ಪ್ರತಿ ವರ್ಷವೂ ಹಳೆಯದನ್ನೇ ಸಾರಿಸುತ್ತಿದ್ದಳು. ಅಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ.