ಕಾಲಡಿಯ ಕೆಂಪು ಪಾಚಿ

ಅಮಾವಾಸ್ಯೆಯ ಮರುದಿನ, ನೀರು ಚೆನ್ನಾಗಿ ಇಳಿದಿತ್ತು. ಕಾರವಾರದ ಹತ್ತಿರದ ಮಾಜಾಳಿಯಿಂದ ತಿಳಮಾತಿ ಬೀಚಿನ ಕಡೆ ಸುಮ್ನೆ ನಡೆದು ಹೋಗಿ ಬಂಡೆ ಹತ್ತಿದೆ. ಕಾಲು ಜಾರಿತು, ಒಂದು ಚಪ್ಪಲಿ ಸಂದಿಗೆ ಬಿತ್ತು. ಪಕ್ಕದಲ್ಲಿ ಬಂಡೆಯಿಂದ ಕಲ್ವಾ ಚಿಪ್ಪು ಕೀಳುತ್ತಿದ್ದ ಒಬ್ಬ ಅಮ್ಮ ತಲೆ ಎತ್ತದೆಯೇ, "ಪಾಚಿ ಅದು, ನೋಡ್ಕಂಡ್ ಕಾಲಿಡು ತಮ್ಮಾ" ಅಂದರು.

ಕೂತು ನೋಡಿದೆ. ಹಸಿರಲ್ಲ, ಒಣಗಿದ ಮುರುಗಲ ಸಿಪ್ಪೆಯ ಬಣ್ಣ. ಉಗುರಿನಷ್ಟೂ ಎತ್ತರವಿಲ್ಲ. ಸವರಿದರೆ ಸವೆದ ಬ್ರಶ್ಶಿನ ಹಾಗೆ ಒರಟು. ಜೆಲಿಡಿಯಂ ಅನ್ನೋ ಕೆಂಪು ಪಾಚಿಗಳ ಗುಂಪಿನದು ಇರಬೇಕು. ಆ ಗುಂಪಿನಲ್ಲಿ ಒಂದರ ಹೆಸರೇ ಪುಸಿಲ್ಲಂ, ಲ್ಯಾಟಿನ್‌ನಲ್ಲಿ 'ತೀರಾ ಪುಟ್ಟದ್ದು' ಅಂತ.

ಇದರ ದೊಡ್ಡ ನೆಂಟರಿಂದಲೇ ಅಗರ್ ತೆಗೆಯುವುದು. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ. 1881ರ ಸುಮಾರಿಗೆ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ, ಗಂಡ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ ಜೆಲಾಟಿನ್ ಸೆಕೆಗೆ ಕರಗುವುದನ್ನು ಕಂಡು, ತನ್ನ ಅಡುಗೆಮನೆಯ ಅಗರ್ ಹಾಕಿ ನೋಡಿ ಅಂದಳು. ಬ್ಯಾಕ್ಟೀರಿಯಾ ಬೆಳೆಸೋಕೆ ಇವತ್ತಿಗೂ ಅದೇ ಬೇಕು. 1882ರಲ್ಲಿ, ಅವಳ ಗಂಡ ಯಾರ ಲ್ಯಾಬಿನಲ್ಲಿ ಕೆಲಸ ಮಾಡಿದ್ದನೋ ಆ ವಿಜ್ಞಾನಿ ರಾಬರ್ಟ್ ಕಾಕ್ ಕ್ಷಯದ ಬಗ್ಗೆ ಬರೆದಾಗ ಅಗರ್ ಹೆಸರು ಬಂತು, ಅವಳದ್ದು ಬರಲಿಲ್ಲ. ಅಡುಗೆಮನೆ ಬುದ್ಧಿಗೆ ಹೆಸರು ಹಾಕೋದು ಯಾರಿಗೂ ನೆನಪಾಗಲ್ಲ, ಅಲ್ವಾ?

ಏಳುವಷ್ಟರಲ್ಲಿ ನೀರು ಏರುತ್ತಿತ್ತು. ಅಮ್ಮನ ಬುಟ್ಟಿ ಮುಕ್ಕಾಲು ತುಂಬಿತ್ತು. ನನ್ನ ಚಪ್ಪಲಿ ಇನ್ನೂ ಸಂದಿಯಲ್ಲೇ ಇತ್ತು.